ಮುತ್ತಿಗೆಯ ದುಡ್ಡು

ಕೊಟ್ಟೂರಿನಲ್ಲಿ ಬಸ್ಸು ಹತ್ತಿದಾಗ ಜೇಬಿನಲ್ಲಿದ್ದದ್ದು ನೂರರ ಒಂದೇ ನೋಟು. ಕಂಡಕ್ಟರು ಅದನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡರು. ಟಿಕೆಟ್ಟಿನ ಬೆನ್ನಿಗೆ 60 ಎಂದು ಬರೆದು ಸುತ್ತ ಒಂದು ಗುಂಡು ಎಳೆದರು. ‘ಚಿಲ್ರೆ ಇಲ್ರೀ, ಹರಪನಹಳ್ಳ್ಯಾಗ ಇಳಿಯಾಗ ಇಸ್ಗಳ್ರಿ’ ಎಂದವರೇ ಹಿಂದಿನ ಸೀಟಿಗೆ ನಡೆದರು.

ಪಕ್ಕದಲ್ಲಿ ಕೂತಿದ್ದ ಅಜ್ಜಿಯದು ಸೊನ್ನೆ ರೂಪಾಯಿಯ ಟಿಕೆಟ್ಟು, ಬಾಕಿಯ ಚಿಂತೆ ಇಲ್ಲ. ಆದರೂ ನನ್ನ ಕೈಯಲ್ಲಿದ್ದ ಚೀಟಿಯ ಮೇಲೆ ಕಣ್ಣಿಟ್ಟು, ‘ಜೇಬಿಗೆ ಇಟ್ಟೀಯೆಪ್ಪಾ, ಮರತುಬಿಡ್ತೀ. ಕೈಯಾಗ ಹಿಡಕಂಡೇ ಕುಂದ್ರು’ ಎಂದಳು.

ಹಿಡಿದುಕೊಂಡೇ ಕೂತೆ. ಎರಡು ಬೆರಳಗಲದ ತೆಳು ಕಾಗದ. ಅಂಗಡಿಯಲ್ಲಿ ಕೊಟ್ಟರೆ ಇದಕ್ಕೆ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ. ಈ ಬಸ್ಸಿನೊಳಗೆ ಮಾತ್ರ, ಈ ಕಂಡಕ್ಟರು ಇರುವವರೆಗೆ ಮಾತ್ರ, ಇದು ಅರವತ್ತು ರೂಪಾಯಿ. ಚಿಲ್ಲರೆ ಒಳಗೆ ಬರಲು ದಾರಿಯಿಲ್ಲದ ಕಡೆ, ಸಿಕ್ಕ ಕಾಗದದ ಮೇಲೆ ಅಧಿಕಾರ ಇದ್ದವರು ಬರೆದುಕೊಟ್ಟ ವಚನ ಇದು. ನಾಣ್ಯಗಳ ಚರಿತ್ರೆ ಓದಿದವರಿಗೆ ಇಂಥದ್ದೇ ಇನ್ನೊಂದು ವಸ್ತು ಗೊತ್ತು. ಕೋಟೆಗೆ ಮುತ್ತಿಗೆ ಬಿದ್ದಾಗ ಒಳಗಿನವರು ಅವಸರಕ್ಕೆ ಟಂಕಿಸಿಕೊಂಡ ಮುತ್ತಿಗೆ ನಾಣ್ಯ.

ನಾನು ಹೊರಟಿದ್ದೂ ಒಂದು ಕೋಟೆಗೆ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ. ಕೂಡ್ಲಿಗಿ ಸೀಮೆಯಲ್ಲಿ ಗುಡೇಕೋಟೆ, ಜರಿಮಲೆ. ಇತ್ತ ಹರಪನಹಳ್ಳಿಯ ಪಾಳೆಯಪಟ್ಟು. ದಕ್ಷಿಣಕ್ಕೆ ಇಳಿದರೆ ಚಿತ್ರದುರ್ಗ. ಇಷ್ಟೊಂದು ಕೋಟೆಗಳಿದ್ದ, ಇಷ್ಟೊಂದು ಮುತ್ತಿಗೆಗಳನ್ನು ಕಂಡ ನಾಡಿನಲ್ಲಿ ಮುತ್ತಿಗೆ ನಾಣ್ಯ ಎಂಬುದೊಂದು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಬಹುದಿನಗಳಿಂದ ತಲೆಯಲ್ಲಿ ಕೂತಿತ್ತು. ಟಿಕೆಟ್ಟಿನ ಬೆನ್ನಿನ 60 ಅದನ್ನು ಮತ್ತೆ ಕೆದಕಿತು.

ಊರ ಬಾಗಿಲು ಮುಚ್ಚಿದಾಗ

ಈ ನಾಣ್ಯಗಳ ದೊಡ್ಡ ಬೆಳೆ ಬಂದದ್ದು ಯುರೋಪಿನಲ್ಲಿ, 16 ಮತ್ತು 17ನೆಯ ಶತಮಾನಗಳಲ್ಲಿ. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ದೇವರ ಹೆಸರಿನಲ್ಲಿ ಒಬ್ಬರ ಊರನ್ನೊಬ್ಬರು ಸುತ್ತುವರಿಯುತ್ತಿದ್ದ ಕಾಲ. ಆಗಿನ ಸಿಪಾಯಿ ಬಹುಪಾಲು ಸಂಬಳದ ಆಳು. ತಿಂಗಳ ಸಂಬಳ ನಿಂತರೆ ಗೋಡೆ ಕಾಯುವವನೇ ಬಾಗಿಲು ತೆರೆದಾನು. ಹೊರಗಿನಿಂದ ಹಣ ಬರುವ ದಾರಿ ಮುಚ್ಚಿದೆ. ಒಳಗಿದ್ದ ಒಳ್ಳೆಯ ನಾಣ್ಯವನ್ನು ಜನ ನೆಲದಡಿ ಹೂಳಿದ್ದಾರೆ. ರೊಟ್ಟಿಯವನಿಗೆ ಕೊಡಲು ಕಾಸಿಲ್ಲ, ರೊಟ್ಟಿಯವನ ಹತ್ತಿರ ಹಿಂದಿರುಗಿಸಲು ಚಿಲ್ಲರೆಯಿಲ್ಲ. ಆಗ ಊರಿನ ಹಿರಿಯರು ಮನೆಯ ಬೆಳ್ಳಿ ತಟ್ಟೆ, ಇಗರ್ಜಿಯ ಬಟ್ಟಲು ಏನು ಸಿಕ್ಕಿತೋ ಅದನ್ನು ಕತ್ತರಿಸಿ ಮುದ್ರೆ ಒತ್ತುತ್ತಿದ್ದರು. ಮುತ್ತಿಗೆ ಹರಿದ ಮೇಲೆ ಇದನ್ನು ತಂದವರಿಗೆ ಸರಿಯಾದ ನಾಣ್ಯ ಕೊಡುತ್ತೇವೆ ಎಂಬ ಮಾತು ಅದರ ಹಿಂದಿರುತ್ತಿತ್ತು.

1529ರಲ್ಲಿ ಆಟೊಮನ್ ತುರ್ಕರು ವಿಯೆನ್ನಾ ನಗರಕ್ಕೆ ಲಗ್ಗೆ ಇಟ್ಟಾಗ ಒಳಗೆ ಟಂಕಿಸಿದ ನಾಣ್ಯಗಳು ಚೌಕಾಕಾರದವು. ದುಂಡಗೆ ಕತ್ತರಿಸುವಷ್ಟು ಪುರುಸೊತ್ತು ಯಾರಿಗಿತ್ತು? ತುರ್ಕರು ವಿಯೆನ್ನಾವನ್ನು ಮುತ್ತಿದ್ದಾರೆ ಎಂಬ ಸುದ್ದಿಯೇ ಅದರ ಮೇಲಿನ ಬರಹ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಅರಸನ ಕಡೆಗಿದ್ದ ನ್ಯೂಅರ್ಕ್ ಪಟ್ಟಣ 1645 ಮತ್ತು 1646ರಲ್ಲಿ ಹೊರಡಿಸಿದ ಬೆಳ್ಳಿ ನಾಣ್ಯ ನಮ್ಮ ಶಂಕರಪೋಳಿಯ ಆಕಾರದ್ದು. ತಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಚೂರು ವ್ಯರ್ಥವಾಗುವುದಿಲ್ಲ. ಒಂದು ಕಡೆ ಕಿರೀಟ, ಅದರ ಕೆಳಗೆ ಬೆಲೆ: 30, 12, 9 ಅಥವಾ 6 ಪೆನ್ನಿ. ಇಂದಿಗೂ ಉಳಿದಿರುವ ಕೆಲವು ಬಿಲ್ಲೆಗಳಲ್ಲಿ ತಟ್ಟೆಯ ಹಳೆಯ ಕೆತ್ತನೆಯ ಗುರುತು ಕಾಣುತ್ತದೆ. ಯಾರದೋ ಮನೆಯ ಹಬ್ಬದೂಟದ ಬೆಳ್ಳಿ ಯಾವನೋ ಸಿಪಾಯಿಯ ಕೂಲಿಯಾಗಿ ಹೋಗಿದೆ.

ಹಾಲೆಂಡಿನ ಲೈಡನ್ ಪಟ್ಟಣದ ಕಥೆ ಎಲ್ಲಕ್ಕಿಂತ ವಿಚಿತ್ರ. ಸ್ಪೇನಿನ ಕ್ಯಾಥೊಲಿಕ್ ಅರಸನ ಸೈನ್ಯ 1573ರಿಂದ 1574ರವರೆಗೆ, ನಡುವೆ ಸ್ವಲ್ಪ ಬಿಡುವು ಕೊಟ್ಟು, ಊರನ್ನು ಹಿಡಿದಿಟ್ಟಿತ್ತು. ಬೆಳ್ಳಿಯೂ ಸಾಲದಾದಾಗ ಲೈಡನ್ನಿನವರು ಕಾಗದಕ್ಕೆ ಕೈ ಹಾಕಿದರು. ಕ್ಯಾಥೊಲಿಕ್ ಇಗರ್ಜಿಯ ಪೂಜಾಪುಸ್ತಕಗಳ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ರಟ್ಟಿನಂತೆ ಗಟ್ಟಿ ಮಾಡಿ, ಅದಕ್ಕೇ ನಾಣ್ಯದ ಅಚ್ಚು ಒತ್ತಿದರು. ಯುರೋಪಿನ ಮೊದಮೊದಲ ಕಾಗದದ ದುಡ್ಡುಗಳಲ್ಲಿ ಇದೂ ಒಂದು. ಎದುರಾಳಿಯ ಮಂತ್ರಪುಸ್ತಕ ಹರಿದು ತಮ್ಮ ಹಣ ಮಾಡಿಕೊಂಡಿದ್ದರು.

ಆ ನಾಣ್ಯಗಳ ಮೇಲೆ ಲ್ಯಾಟಿನ್ನಿನಲ್ಲಿ ‘ಇದು ಸ್ವಾತಂತ್ರ್ಯಕ್ಕಾಗಿ’ ಎಂಬರ್ಥದ ಮಾತಿತ್ತು. ಊರಿನ ಕಟ್ಟಾ ಪಾದ್ರಿಗಳಿಗೆ ಅದು ಹಿಡಿಸಲಿಲ್ಲ. ಸಾಯುತ್ತಿರುವುದು ಧರ್ಮಕ್ಕಾಗಿ, ಹಾಗಿದ್ದ ಮೇಲೆ ‘ಇದು ಧರ್ಮಕ್ಕಾಗಿ’ ಎಂದೇ ಬರೆಯಬೇಕಿತ್ತು ಎಂದು ಜಗಳ ತೆಗೆದರು. ಪೀಠದಿಂದ ಪಾದ್ರಿಯೊಬ್ಬ ಆಡಳಿತದವರನ್ನು ಬೈಯುತ್ತಿದ್ದಾಗ ಪಟ್ಟಣದ ಕಾರ್ಯದರ್ಶಿ ಯಾನ್ ವಾನ್ ಹೌಟ್ ಪಿಸ್ತೂಲು ಹೊರತೆಗೆದನೆಂಬ ಪ್ರತೀತಿಯೂ ಇದೆ. ಹೊಟ್ಟೆಗೆ ಹಿಟ್ಟಿಲ್ಲದ ಊರಿನಲ್ಲಿ ದುಡ್ಡಿನ ಮೇಲಿನ ಒಂದು ಪದಕ್ಕೆ ಇಷ್ಟು ರಂಪ! ಕೊನೆಗೆ ಏರಿಗಳನ್ನು ಒಡೆದು, ಸಮುದ್ರದ ನೀರನ್ನು ಹೊಲಗಳಿಗೆ ನುಗ್ಗಿಸಿ, 1574ರ ಅಕ್ಟೋಬರ್ 3ರಂದು ದೋಣಿಗಳಲ್ಲಿ ನೆರವು ಬಂತು. ಲೈಡನ್ನಿನವರು ಈಗಲೂ ಆ ದಿನ ಬಿಳಿ ಬ್ರೆಡ್ಡು, ಮೀನು ತಿಂದು ಹಬ್ಬ ಮಾಡುತ್ತಾರೆ.

ಎಲ್ಲ ವಚನಗಳೂ ಹೀಗೆ ನೆಟ್ಟಗೆ ಮುಗಿಯಲಿಲ್ಲ. ಇಂಗ್ಲೆಂಡಿನ ಸಿಂಹಾಸನ ಕಳೆದುಕೊಂಡ ಕ್ಯಾಥೊಲಿಕ್ ಅರಸ ಎರಡನೆಯ ಜೇಮ್ಸ್ 1689ರಲ್ಲಿ ಐರ್ಲೆಂಡಿನಲ್ಲಿ ಸೈನ್ಯ ಕಟ್ಟಿದಾಗ ಒಡೆದ ತೋಪು, ಗಂಟೆ, ಅಡುಗೆ ಪಾತ್ರೆಗಳನ್ನು ಕರಗಿಸಿ ಹಿತ್ತಾಳೆಯ ನಾಣ್ಯ ಹೊರಡಿಸಿದ. ವರ್ಷದ ಜೊತೆಗೆ ತಿಂಗಳನ್ನೂ ಅದರ ಮೇಲೆ ಒತ್ತಿಸಿದ್ದ. ಗೆದ್ದ ಮೇಲೆ ಬೆಳ್ಳಿ ಕೊಟ್ಟು ಹಿಂದೆ ಪಡೆಯುವುದಾಗಿ ಮಾತು ಕೊಟ್ಟಿದ್ದ. 1690ರಲ್ಲಿ ಬಾಯ್ನ್ ನದಿಯ ಕಾಳಗದಲ್ಲಿ ಸೋತು ಫ್ರಾನ್ಸಿಗೆ ಓಡಿದ. 30 ಪೆನ್ನಿಯೆಂದು ಒತ್ತಿದ್ದ ದೊಡ್ಡ ಬಿಲ್ಲೆಗೆ ಗೆದ್ದವರು ಕಟ್ಟಿದ ಬೆಲೆ ಒಂದೇ ಪೆನ್ನಿ. ಕಂಡಕ್ಟರು ನಡುದಾರಿಯಲ್ಲಿ ಇಳಿದು ಹೋದ ಮೇಲೆ ಟಿಕೆಟ್ಟಿನ ಬೆನ್ನಿನ ಲೆಕ್ಕ ಕೇಳುವುದು ಯಾರನ್ನು?

ಉಚ್ಚಂಗಿಯ ಹನ್ನೆರಡು ವರ್ಷ

ಬಸ್ಸಿನ ಕಿಟಕಿಯಾಚೆ ಜೋಳದ ಹೊಲ, ಮೆಕ್ಕೆಜೋಳದ ಹೊಲ, ನಡುನಡುವೆ ಬೋಳುಗುಡ್ಡ. ಸಾವಿರ ವರ್ಷದ ಹಿಂದೆ ಈ ಸೀಮೆ ಕೋಗಳಿ ಐನೂರು, ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ಹೆಸರುಗಳಲ್ಲಿ ಶಾಸನಗಳಲ್ಲಿ ಬರುತ್ತದೆ. ನೊಳಂಬವಾಡಿಯನ್ನು ಚಾಲುಕ್ಯರ ಕೈಕೆಳಗೆ ಆಳುತ್ತಿದ್ದ ಪಾಂಡ್ಯರ ನೆಲೆಯೇ ಉಚ್ಚಂಗಿ. ಇಂದು ಭರತ ಹುಣ್ಣಿಮೆಗೆ ಉಚ್ಚೆಂಗೆಮ್ಮನ ದರ್ಶನಕ್ಕೆ ಬಂಡಾರ ಹಚ್ಚಿಕೊಂಡು ಬೆಟ್ಟ ಹತ್ತುವ ಜನ ಕೋಟೆಯ ಬಾಗಿಲುಗಳನ್ನು ದಾಟಿಯೇ ಹೋಗುತ್ತಾರೆ.

ಈ ಬೆಟ್ಟವನ್ನು ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿಯೂ ಗೆಲ್ಲಲಾಗದೆ ಕೈಬಿಟ್ಟರೆಂದು, ಹೊಯ್ಸಳ ಇಮ್ಮಡಿ ಬಲ್ಲಾಳ ಅದನ್ನು ಸಲೀಸಾಗಿ ಹಿಡಿದನೆಂದು ಹೊಯ್ಸಳರ ಶಾಸನ ಬೀಗುತ್ತದೆ. ಹಿಡಿದದ್ದು 1177ರ ಸುಮಾರಿಗೆ, ಶನಿವಾರದ ದಿನ. ಅದಕ್ಕೇ ಬಲ್ಲಾಳನ ಬಿರುದುಗಳಲ್ಲಿ ‘ಗಿರಿದುರ್ಗಮಲ್ಲ’ನ ಜೊತೆಗೆ ‘ಶನಿವಾರಸಿದ್ಧಿ’ ಸೇರಿಕೊಂಡಿತು ಎನ್ನುತ್ತಾರೆ. ಹನ್ನೆರಡು ಎಂಬುದು ಹೊಗಳುಭಟ್ಟರ ಲೆಕ್ಕವೇ ಇರಬಹುದು. ನಮ್ಮ ಜನಪದದಲ್ಲಿ ವನವಾಸ, ಬರಗಾಲ, ತಪಸ್ಸು ಎಲ್ಲವೂ ಹನ್ನೆರಡೇ ವರ್ಷ.

ಈ ಮುತ್ತಿಗೆಗಳಿಗೂ ನಾಣ್ಯಕ್ಕೂ ಒಂದು ನಂಟಿದೆ. ಆದರೆ ಅದು ಒಳಗಿನವರ ನಾಣ್ಯವಲ್ಲ. ಬಲ್ಲಾಳನ ಅಜ್ಜ ವಿಷ್ಣುವರ್ಧನ ಹೊರಡಿಸಿದ ಚಿನ್ನದ ಗದ್ಯಾಣಗಳು ಇಂದಿಗೂ ಸಂಗ್ರಹಾಲಯಗಳಲ್ಲಿವೆ. ಸುಮಾರು 4 ಗ್ರಾಂ ತೂಕ. ಒಂದು ಬದಿ ಸಿಂಹ, ಮೇಲೆ ಸೂರ್ಯ ಚಂದ್ರ. ಇನ್ನೊಂದು ಬದಿ ಮೂರು ಸಾಲಿನ ಕನ್ನಡ ಅಕ್ಷರ. ಕೆಲವದರ ಮೇಲೆ ‘ಶ್ರೀ ತಳಕಾಡುಗೊಂಡ’, ಕೆಲವದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ತಲಕಾಡು ಗೆದ್ದವನು, ನೊಳಂಬವಾಡಿ ಗೆದ್ದವನು. ಅರಸನ ಹೆಸರೇ ಇಲ್ಲ, ಗೆದ್ದ ನಾಡಿನ ಹೆಸರೇ ಅವನ ಗುರುತು. ಹೂವಿನಹಡಗಲಿ, ಹರಪನಹಳ್ಳಿಯ ಕಡೆಯವರು ಆ ನಾಣ್ಯವನ್ನು ಗಾಜಿನಾಚೆ ನೋಡಿದರೆ ಓದುವುದು ತಮ್ಮದೇ ಸೀಮೆಯ ಹೆಸರನ್ನು, ಅದೂ ಸೋತದ್ದರ ಲೆಕ್ಕದಲ್ಲಿ.

ತಮಾಷೆಯೆಂದರೆ ನಾಣ್ಯ ಹೇಳಿದಷ್ಟು ಸಂಗತಿ ನಡೆದಿರಲಿಲ್ಲ. ವಿಷ್ಣುವರ್ಧನ ದುಮ್ಮೆಯ ಕಾಳಗದಲ್ಲಿ ಪಾಂಡ್ಯರನ್ನು ಸೋಲಿಸಿದ್ದು ಹೌದು. ನಾಡು ಕೈಯಲ್ಲಿ ನಿಲ್ಲಲಿಲ್ಲ. ಪಾಂಡ್ಯರು ಮತ್ತೆ ಉಚ್ಚಂಗಿಯಲ್ಲಿ ಕೂತರು. ಅಜ್ಜನ ಗದ್ಯಾಣದ ಮೇಲಿನ ಮಾತು ದಿಟವಾಗಲು ಮೊಮ್ಮಗ ಬೆಟ್ಟ ಹತ್ತಬೇಕಾಯಿತು. ಹಾಗಿದ್ದೂ ಆ ಗದ್ಯಾಣಕ್ಕೆ ಪೇಟೆಯಲ್ಲಿ ಒಂದು ವೀಸವೂ ಕಡಿಮೆಯಾಗಿರಲಾರದು. ಮೇಲಿನ ಅಕ್ಷರ ಸುಳ್ಳಾದರೂ ಕೆಳಗಿನ ಚಿನ್ನ ಸುಳ್ಳಲ್ಲವಲ್ಲ! ನನ್ನ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿದ್ದು ಇಲ್ಲಿಯೇ.

ಕುಮ್ಮಟ ಮತ್ತು ಕಮ್ಮಟ

ಕನ್ನಡದಲ್ಲಿ ಟಂಕಸಾಲೆಗೆ ಹಳೆಯ ಹೆಸರು ಕಮ್ಮಟ. ಅದಕ್ಕೆ ಒಂದೇ ಒಂದು ಕೊಂಬು ಕೊಟ್ಟರೆ ಕುಮ್ಮಟ, ಕಂಪಿಲರಾಯನ, ಕುಮಾರರಾಮನ ಕುಮ್ಮಟದುರ್ಗ. ತುಂಗಭದ್ರೆಯ ಆಚೆ ದಡದ ಗಂಗಾವತಿ ಸೀಮೆಯಲ್ಲಿದ್ದರೂ ಅದರ ಕಥೆ ಈಚೆ ದಡದ ನಮ್ಮೂರುಗಳಲ್ಲೂ ಮನೆಮಾತು.

ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಮೇಲೆ ತಿರುಗಿಬಿದ್ದ ಅವನ ನೆಂಟ ಬಹಾವುದ್ದೀನ್ ಗುರ್ಶಾಸ್ಪ ಓಡಿಬಂದು ಕಂಪಿಲರಾಯನ ಆಶ್ರಯ ಬೇಡಿದ. ಮರೆಹೊಕ್ಕವನನ್ನು ರಾಯ ಬಿಟ್ಟುಕೊಡಲಿಲ್ಲ. ಅಲ್ಲಿ ಆಶ್ರಯ ಬೇಡಿದವನು ಮುಸ್ಲಿಮ, ಕೊಟ್ಟವನು ಹಿಂದೂ, ಬೆನ್ನಟ್ಟಿ ಬಂದವನು ಮುಸ್ಲಿಮ. ಧರ್ಮಯುದ್ಧದ ಹಣೆಪಟ್ಟಿ ಈ ಮುತ್ತಿಗೆಗೆ ಸರಿಯಾಗಿ ಅಂಟುವುದೇ ಇಲ್ಲ. ಮುತ್ತಿಗೆಯ ಕೊನೆಯ ದಿನಗಳನ್ನು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಕೋಟೆಯೊಳಗೆ ಕಾಳು ತೀರಿತು. ರಾಯ ಅತಿಥಿಯನ್ನು ಇನ್ನೊಬ್ಬ ಅರಸನಲ್ಲಿಗೆ ಸಾಗಹಾಕಿದ, ಬೆಂಕಿಯ ಕುಂಡ ಸಿದ್ಧಪಡಿಸಿದ, ರಾಣಿವಾಸದವರು ಅದಕ್ಕೆ ಹಾರಿದರು, ಅವನೂ ಅವನ ಕಡೆಯವರೂ ಮೈಗೆ ಗಂಧ ಬಳಿದುಕೊಂಡು ಹೊರಬಂದು ಕಾದಾಡಿ ಸತ್ತರು. 1327ರ ಸುಮಾರಿನ ಮಾತು. ಆ ಬರಹದಲ್ಲಿ ತೀರಿಹೋದದ್ದು ಕಾಳು. ಹಣದ ಸುದ್ದಿಯೇ ಇಲ್ಲ.

ಹಣದ ಸುದ್ದಿ ಬರುವುದು ಗೆದ್ದವನ ಮನೆಯಲ್ಲಿ. ಎರಡು ಮೂರು ವರ್ಷ ಕಳೆದು, 1329–30ರಲ್ಲಿ, ಅದೇ ತುಘಲಕ ಹಿತ್ತಾಳೆ, ಕಂಚಿನ ಬಿಲ್ಲೆಗೆ ಬೆಳ್ಳಿಯ ಟಂಕದ ಬೆಲೆ ಕಟ್ಟಿ ಚಲಾವಣೆಗೆ ಬಿಟ್ಟ. ಸುಲ್ತಾನನ ಮಾತಿಗೆ ನಡೆದವನು ದೇವರ ಮಾತಿಗೆ ನಡೆದಂತೆ ಎಂಬರ್ಥದ ಸಾಲನ್ನೂ ಅದರ ಮೇಲೆ ಒತ್ತಿಸಿದ. ಒಳಗೆ ಬೆಳ್ಳಿಯಿಲ್ಲದ್ದಕ್ಕೆ ದೇವರನ್ನು ಜಾಮೀನು ನಿಲ್ಲಿಸಿದಂತೆ. ಜನ ಆ ಜಾಮೀನು ಒಪ್ಪಲಿಲ್ಲ. ಮನೆಮನೆಯೂ ಟಂಕಸಾಲೆಯಾಗಿ ಖೋಟಾ ಬಿಲ್ಲೆ ಸುರಿಯಿತೆಂದು ಇತಿಹಾಸಕಾರ ಬರನಿ ದೂರುತ್ತಾನೆ. ಕೊನೆಗೆ ಸುಲ್ತಾನ ಖಜಾನೆ ತೆರೆದು, ತಂದವರಿಗೆಲ್ಲ ಬೆಳ್ಳಿ ಕೊಟ್ಟು ಬಿಲ್ಲೆಗಳನ್ನು ಹಿಂದೆ ಪಡೆದ. ಕುಮ್ಮಟವನ್ನು ಮುರಿದವನಿಗೆ ಕಮ್ಮಟ ಬಗ್ಗಲಿಲ್ಲ. ಆದರೂ ಐರ್ಲೆಂಡಿನಿಂದ ಓಡಿಹೋದ ಜೇಮ್ಸನಿಗಿಂತ ಇವನು ಮಾತಿನ ಮನುಷ್ಯ. ತುಘಲಕ ದರ್ಬಾರು ಎಂದು ನಗುವಾಗ ಈ ಒಂದು ಲೆಕ್ಕ ಚುಕ್ತಾ ಮಾಡಿದ್ದನ್ನು ಮರೆಯುತ್ತೇವೆ.

ಕೋಟೆಯ ಕಲ್ಲಿಗೆ ಕಟ್ಟಿದ ಬೆಲೆ

ವಿಜಯನಗರದ ಕಾಲಕ್ಕೆ ಬಂದರೆ ಹಣ ಮತ್ತು ಮುತ್ತಿಗೆ ಕೈಕೈ ಹಿಡಿದ ಒಂದು ಅಪರೂಪದ ದೃಶ್ಯ ಸಿಗುತ್ತದೆ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ವರಹ, ಪರತಾಪ, ಹಣ, ತಾರ, ಜಿತಲಗಳ ಲೆಕ್ಕ ಬರೆದು, ಸಿಪಾಯಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಟಂಕಸಾಲೆಯಿಂದಲೇ ಸಂಬಳ ಬಟವಾಡೆ ಆಗುತ್ತಿತ್ತೆಂದು ಹೇಳುತ್ತಾನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದ. ಗೋಡೆಯನ್ನು ತೋಪಿನಿಂದಲ್ಲ, ಹಾರೆ ಗುದ್ದಲಿಯಿಂದ ಕೀಳಬೇಕಿತ್ತು. ಮೇಲಿಂದ ಗುಂಡು, ಕಲ್ಲು ಸುರಿಯುತ್ತಿತ್ತು. ಆಳುಗಳು ಹತ್ತಿರ ಹೋಗಲು ಅಂಜಿದರು. ಆಗ ದಳಪತಿಗಳು ಹೂಡಿದ ಉಪಾಯವನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ದಾಖಲಿಸಿದ್ದಾನೆ. ಗೋಡೆಯಿಂದ ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಳ್ಳತೊಡಗಿದರು. ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಹಣ.

ಈ ದೃಶ್ಯವನ್ನು ತುಸು ಹತ್ತಿರದಿಂದ ನೋಡಬೇಕು. ಹಣ ಎಂದರೆ ಇಲ್ಲಿ ಬರಿಯ ದುಡ್ಡಲ್ಲ, ಒಂದು ನಾಣ್ಯದ ಹೆಸರು: ಬೇಳೆಕಾಳಿನಷ್ಟು ಚಿಕ್ಕದು, ತೂಕ ಅರ್ಧ ಗ್ರಾಮಿಗೂ ಕಡಿಮೆ, ಲೋಹ ಚಿನ್ನ. ಒಬ್ಬ ಆಳು ತಲೆಯ ಮೇಲೆ ಗುರಾಣಿ ಹಿಡಿದು ಓಡುತ್ತಾನೆ, ಎರಡು ಕೈಯಲ್ಲಿ ತಬ್ಬುವಂಥ ಕಲ್ಲನ್ನು ಉರುಳಿಸಿ ತರುತ್ತಾನೆ, ದಳಪತಿಯ ಮುಂದೆ ಇಳಿಸುತ್ತಾನೆ. ಪ್ರತಿಯಾಗಿ ಅಂಗೈಗೆ ಬೀಳುವುದು ಗಾಳಿಗೆ ಹಾರಿಹೋಗುವಂಥ ಒಂದು ಚಿಟಿಕೆ ಚಿನ್ನ. ನ್ಯೂಅರ್ಕಿನವರು ಊರು ಉಳಿಸಲು ಮನೆಯ ತಟ್ಟೆ ಕತ್ತರಿಸಿ ನಾಣ್ಯ ಮಾಡಿದರು. ಇಲ್ಲಿ ಕೋಟೆಯ ಗೋಡೆಯನ್ನೇ ತುಂಡು ತುಂಡಾಗಿ ಮಾರಾಟಕ್ಕಿಟ್ಟರು. ಕಲ್ಲು ತಂದವನಿಗೆ ಯಾರೂ ಚೀಟಿ ಬರೆದುಕೊಡಲಿಲ್ಲ, ಗೆದ್ದ ಮೇಲೆ ಬಾ ಎನ್ನಲಿಲ್ಲ. ಅವನು ಒಪ್ಪುತ್ತಲೂ ಇರಲಿಲ್ಲ.

ಅದಾದ 45 ವರ್ಷಕ್ಕೆ, 1565ರ ಜನವರಿಯಲ್ಲಿ, ರಕ್ಕಸಗಿ–ತಂಗಡಗಿ ಬಯಲಿನಲ್ಲಿ ವಿಜಯನಗರ ಸೋತಿತು. ಅದೇ ವರ್ಷ ಮೇ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಆಟೊಮನ್ ತುರ್ಕರು ಮುತ್ತಿಗೆ ಹಾಕಿದರು. ಕ್ರೈಸ್ತ ವೀರಪಂಥದವರು ಸೆಪ್ಟೆಂಬರ್‌ವರೆಗೆ ತಡೆದು ಗೆದ್ದರು. ಗೆದ್ದರೂ ಕೈ ಬರಿದು. ಹೊಸ ರಾಜಧಾನಿ ವ್ಯಾಲೆಟ್ಟಾ ಕಟ್ಟುವ ಕೂಲಿಗಳಿಗೆ ಕೊಡಲು ಅವರ ಮುಖಂಡ ಲಾ ವ್ಯಾಲೆಟ್ ತಾಮ್ರದ ನಾಣ್ಯ ಹೊರಡಿಸಿದ. ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ, ಜೊತೆಗೆ ನಾಲ್ಕು ಲ್ಯಾಟಿನ್ ಪದ: ‘ತಾಮ್ರವಲ್ಲ, ನಂಬಿಕೆ’. ಮುತ್ತಿಗೆ ನಾಣ್ಯಗಳ ಶಾಸ್ತ್ರವೆಲ್ಲ ಆ ಎರಡು ಮಾತಿನಲ್ಲಿ ಮುಗಿಯಿತು. ನಮ್ಮ ಕಡೆಯ ಚಿನಿವಾರನೊಬ್ಬನ ಕೈಗೆ ಅದು ಬಿದ್ದಿದ್ದರೆ ಏನೆನ್ನುತ್ತಿದ್ದ? ಉಜ್ಜಿ ನೋಡಿ, ‘ನಂಬಿಕೆ ಇರಲಿ ಸ್ವಾಮಿ, ಇದು ತಾಮ್ರವೇ’ ಎಂದು ಹಿಂದಿರುಗಿಸುತ್ತಿದ್ದ.

ಒರೆಗಲ್ಲಿನ ನಾಡು

ಇದೇ ನನಗೆ ಹೊಳೆದ ಉತ್ತರದ ಮೊದಲ ಭಾಗ. ನಮ್ಮ ನಾಣ್ಯ ಬದುಕಿದ್ದು ಅರಸನ ಮಾತಿನ ಮೇಲಲ್ಲ, ಒರೆಗಲ್ಲಿನ ಮೇಲೆ. ಪ್ರತಿ ಪೇಟೆಯಲ್ಲೂ ಚಿನಿವಾರನಿದ್ದ, ಆಮೇಲೆ ಸರಾಫನಿದ್ದ. ಯಾವ ಊರಿನ ವರಹವಾದರೂ ಅವನ ಒರೆ, ತಕ್ಕಡಿ ದಾಟಿಯೇ ಬೆಲೆ ಪಡೆಯಬೇಕು. ಲಕ್ಕುಂಡಿಯ ಕಮ್ಮಟದ ಲೊಕ್ಕಿ ಗದ್ಯಾಣ ದೂರದೂರಕ್ಕೆ ನಡೆದದ್ದು ಅದರ ಚಿನ್ನದ ಬಲದಿಂದ. ಇಂಥ ಪೇಟೆಯಲ್ಲಿ ರಟ್ಟಿನ ನಾಣ್ಯ ಬಿಟ್ಟರೆ ಒಪ್ಪುವವರು ಯಾರು?

ಎರಡನೆಯದು, ಹಣದ ಗಾತ್ರ. ಕೋಟೆಯೊಳಗೆ ಒಂದು ಬಳೆ ಕರಗಿಸಿದರೆ ಹತ್ತಾರು ಹಣ ಹುಟ್ಟುತ್ತವೆ. ಅಕ್ಕಸಾಲಿಗನ ಕುಲುಮೆ, ಒಂದು ಅಚ್ಚು ಇದ್ದರೆ ಸಾಕು. ಚಿತ್ರದುರ್ಗದ ಮೇಲುಕೋಟೆಯಲ್ಲಿ ಇಂದಿಗೂ ಟಂಕಸಾಲೆ ಎಂದು ತೋರಿಸುವ ದೊಡ್ಡ ಮಣ್ಣುಗೋಡೆಯ ಕಟ್ಟಡವಿದೆ. ಮುತ್ತಿಗೆಯ ದಿನ ಅಂಥ ಕಡೆ ಟಂಕಿಸಿದ ಹಣವೂ ಎಂದಿನ ಹಣದಂತೆಯೇ ಇದ್ದಿರಬೇಕು. ಅದಕ್ಕೆ ಬೇರೆ ಆಕಾರ ಬೇಕಿರಲಿಲ್ಲ, ‘ದುರ್ಗಕ್ಕೆ ಮುತ್ತಿಗೆ ಬಿದ್ದಿದೆ’ ಎಂಬ ಬರಹವೂ ಬೇಕಿರಲಿಲ್ಲ. ನಮ್ಮಲ್ಲಿ ಮುತ್ತಿಗೆ ನಾಣ್ಯ ಹುಟ್ಟಿದ್ದರೂ ಗುರುತು ಸಿಗದಂತೆ ಉಳಿದವುಗಳ ಜೊತೆ ಬೆರೆತುಹೋಗಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಾಳೆಯಗಾರನ ಕೋಟೆ ಕಾಯುವ ಆಳು ಬಹುಪಾಲು ತಿಂಗಳ ಸಂಬಳದ ಪರದೇಶಿಯಲ್ಲ. ಅವನಿಗೆ ಊರಲ್ಲಿ ಉಂಬಳಿಯ ಹೊಲವಿದೆ. ಮುತ್ತಿಗೆಯಲ್ಲಿ ಬೇಕಾದದ್ದು ಪಡಿ. ಅದಕ್ಕೇ ನಮ್ಮ ದುರ್ಗಗಳಲ್ಲಿ ಖಜಾನೆಗಿಂತ ಹೆಚ್ಚಾಗಿ ಕಣಜ, ಹಗೇವು, ಎಣ್ಣೆಯ ಕೊಳ, ಬಂಡೆಯ ನಡುವಿನ ಹೊಂಡಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಮುತ್ತಿಗೆಯ ನೆನಪುಗಳೂ ಹಾಗೆಯೇ ಇವೆ. 1779ರಲ್ಲಿ ಹೈದರಾಲಿಯ ವಶವಾದ ಚಿತ್ರದುರ್ಗದ ವಿಷಯದಲ್ಲಿ ನಾವು ಹೇಳುವುದು ನೀರು ತರಲು ಹೋದವಳ ಕಥೆ, ಭತ್ತ ಕುಟ್ಟುವ ಒನಕೆಯ ಕಥೆ. ಆ ಓಬವ್ವನ ತವರು ತಮ್ಮದೆಂದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರು ಇಂದಿಗೂ ಹೆಮ್ಮೆ ಪಡುತ್ತಾರೆ. ಮುತ್ತಿಗೆ ಎಂದರೆ ನಮಗೆ ನೆನಪಾಗುವುದು ನೀರು, ಕಾಳು, ಕಳ್ಳಗಿಂಡಿ.

ಇನ್ನು ಧರ್ಮ. ಲೈಡನ್ನಿನಲ್ಲಿ ನಾಣ್ಯದ ಮೇಲಿನ ಪದಕ್ಕೆ ಪಾದ್ರಿಗಳು ಕಾದಾಡಿದರು. ನಮ್ಮಲ್ಲಿ 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಇಕ್ಕೇರಿ ನಾಯಕರ ವರಹದ ಮೇಲೆ ಶಿವ ಪಾರ್ವತಿಯರಿದ್ದರು. ಹೈದರ್ ಹೊರಡಿಸಿದ ಬಹದ್ದೂರಿ ವರಹದ ಮೇಲೂ ಶಿವ ಪಾರ್ವತಿಯರೇ ಉಳಿದರು. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವೊಂದನ್ನು ಒತ್ತಿಸಿದ, ಅಷ್ಟೆ. ದೇವರ ಮೇಲಿನ ಭಕ್ತಿಗೆ ಹೀಗೆ ಮಾಡಿದನೆಂದು ಯಾರೂ ಹೇಳಲಾರರು. ಪೇಟೆ ಒಪ್ಪಿದ ಚಿತ್ರವನ್ನು ಕೆಡಿಸಿದರೆ ನಷ್ಟ ಯಾರಿಗೆಂಬುದು ಆ ಲೆಕ್ಕಬಲ್ಲ ಮನುಷ್ಯನಿಗೆ ಗೊತ್ತಿತ್ತು.

ತೂತು ಕಾಸು

ಇಷ್ಟಾಗುವಾಗ ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚಿದ್ದಳು. ಬಿಗಿಯುವ ದಾರದ ತುದಿಯಲ್ಲಿ ಏನೋ ಹೊಳೆಯಿತು. ನೋಡಿದರೆ ನಡುವೆ ದೊಡ್ಡ ತೂತಿದ್ದ ತಾಮ್ರಬಣ್ಣದ ಬಿಲ್ಲೆ; ಅಂಚು ಸವೆದಿದ್ದರೂ ಮೇಲಿನ ಕಿರೀಟ ಇನ್ನೂ ತಿಳಿಯುತ್ತಿತ್ತು. ‘ನಮ್ಮತ್ತಿದು. ಇದಕ್ಕ ಈಗೇನು ಬರತೈತಿ, ದಾರ ಒಳಗ ಜಾರಬಾರ್ದು ಅಂತ ಕಟ್ಟೀನಿ’ ಎಂದು ನಕ್ಕಳು. ಮುತ್ತಿಗೆ ನಾಣ್ಯ ಹುಡುಕುತ್ತಿದ್ದವನ ಪಕ್ಕದ ಸೀಟಿನಲ್ಲೇ ಅದರ ತಮ್ಮ ನೇತಾಡುತ್ತಿದ್ದ.

ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆಲ್ಲ ಸೇನೆಯ ಕಡೆ ಕರೆ ಬಂತು. ತಾಮ್ರ ತೋಟೆಗಳಿಗೆ ಬೇಕು, ನಿಕ್ಕಲ್ ಉಕ್ಕಿಗೆ ಬೇಕು. 1940ರಲ್ಲಿ ಬೆಳ್ಳಿ ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದರು. ಒಂದು ರೂಪಾಯಿಯ ನೋಟು ಹೊರಬಂತು. ಜನ ಚಿಲ್ಲರೆ ಅಡಗಿಸಿದರು, ಲೈಡನ್ನಿನವರು ಅಡಗಿಸಿದಂತೆಯೇ. ಕಾಠಿಯಾವಾಡದ ಕೆಲವು ಸಂಸ್ಥಾನಗಳು ರಟ್ಟಿನ ಕೂಪನ್ನುಗಳನ್ನೇ ಕಾಸಿನ ಬದಲು ಹಂಚಿದವು. 1943ರಲ್ಲಿ ಸರ್ಕಾರ ನಡುವಿನ ಲೋಹವನ್ನೇ ತೆಗೆದುಹಾಕಿದ ಕಾಸು ತಂದಿತು. ಹಳೆಯ ಕಾಲಾಣೆಯ ತೂಕ ಸುಮಾರು 4.8 ಗ್ರಾಂ, ಈ ಹೊಸದು 2 ಗ್ರಾಂ. ಬೆಲೆ ಮಾತ್ರ ಅದೇ, ರೂಪಾಯಿಗೆ 64. ಅರಸನ ಮುಖ ಇರಬೇಕಾದ ಕಡೆ ಆರಪಾರ ಕಾಣುವ ತೂತು. ಕಲ್ಕತ್ತ, ಮುಂಬಯಿ ಸಾಲದೆ ಲಾಹೋರಿನಲ್ಲೂ, ದೂರದ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲೂ ಇವನ್ನು ಟಂಕಿಸಿದರು. 1947ರವರೆಗೆ ಬಂದವು.

ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರಲ್ಲಿ. ಯುದ್ಧಭೂಮಿ ಸಾವಿರಾರು ಮೈಲಿ ದೂರ. ಆದರೂ ಕೊಟ್ಟೂರ ಸಂತೆಯಲ್ಲಿ ಮೆಣಸಿನಕಾಯಿ ಕೊಂಡವಳ ಕೈಗೆ ಬಂದ ತೂತು ಕಾಸಿನಲ್ಲಿ ಆ ಮುತ್ತಿಗೆಯ ಗುರುತಿತ್ತು. ಅದನ್ನು ಅವಳು ಒರೆಗೆ ಹಚ್ಚಲಿಲ್ಲ, ತೂಗಲಿಲ್ಲ. ತೂತಿನಲ್ಲಿ ದಾರ ಪೋಣಿಸಿಕೊಂಡಳು. ಉಚ್ಚಂಗಿಯ ಪೇಟೆ ಒಪ್ಪದಿದ್ದ ‘ತಾಮ್ರವಲ್ಲ, ನಂಬಿಕೆ’ ಎಂಬ ಮಾತನ್ನು ಅವಳ ಕಾಲಕ್ಕೆ ಈ ನಾಡು ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟಿತ್ತು.

ಈಗಿನದು ಕೇಳುವುದೇ ಬೇಡ. ನಮ್ಮ ರೂಪಾಯಿ ಬಿಲ್ಲೆ ತುಕ್ಕು ಹಿಡಿಯದ ಉಕ್ಕು. ನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರು ಧಾರಕನಿಗೆ ನೂರು ರೂಪಾಯಿ ಕೊಡುವುದಾಗಿ ವಚನ ಬರೆದು ಸಹಿ ಹಾಕಿದ್ದಾರೆ. ಲೈಡನ್ನಿನವರು ಊರು ಮುಳುಗುವ ಹೊತ್ತಿನಲ್ಲಿ ಹೂಡಿದ ಉಪಾಯ ಈಗ ನಮ್ಮ ದಿನನಿತ್ಯದ ವ್ಯವಹಾರ. ಮುತ್ತಿಗೆ ಹಾಕಿದವರು ಮಾತ್ರ ಕಾಣುವುದಿಲ್ಲ.

ಹರಪನಹಳ್ಳಿ ನಿಲ್ದಾಣಕ್ಕೆ ಬಸ್ಸು ತಿರುಗಿತು. ಜನ ಚೀಲ ಎತ್ತಿಕೊಂಡು ಬಾಗಿಲಿಗೆ ಒತ್ತಿದರು. ಉಚ್ಚಂಗಿಯ ಬಸ್ಸು ಎದುರಿಗೇ ನಿಂತಿದ್ದು ನೋಡಿ ನಾನೂ ಲಗುಬಗೆಯಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆ. ಹಿಂದಿನಿಂದ ಕೂಗು ಬಂತು: ‘ಯಜಮಾನ್ರೇ, ನಿಮ್ಮ ಚಿಲ್ರೆ!’ ಕಂಡಕ್ಟರು ಮೆಟ್ಟಿಲ ಮೇಲೆಯೇ ಬಗ್ಗಿ ಟಿಕೆಟ್ಟು ಇಸಿದುಕೊಂಡರು, ಬೆನ್ನು ತಿರುವಿ ನೋಡಿದರು, 60ರ ಮೇಲೆ ಅಡ್ಡ ಗೀಟು ಎಳೆದರು. ಒಂದು ಐವತ್ತು, ಒಂದು ಹತ್ತು.

ಕಿಟಕಿಯ ಬದಿಗೆ ಸರಿದು ಕೂತಿದ್ದ ಅಜ್ಜಿ ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡೇ ಗದರಿದಳು: ‘ಹೇಳಿದ್ನಿಲ್ಲ, ಮರತುಬಿಡ್ತೀ ಅಂತ?’